ಫ್ಯಾನ್ ತಿರುಗಿದರೆ ಸಾಲದು, ಗಾಳಿಗೆ ದಾರಿಯೂ ಬೇಕು

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ಸುತ್ತಮುತ್ತ 26 ವರ್ಷಗಳಿಂದ ಮನೆ ವೈರಿಂಗ್ ಮಾಡಿಕೊಂಡು ಬಂದವನು ನಾನು. ಆಗುಂಬೆ ನಮ್ಮ ತಾಲ್ಲೂಕಿನದೇ. ಅಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ತೇವ, ಬೂಷ್ಟು ನಮಗೆ ಹೊಸದಲ್ಲ. ಆದರೆ ಈಗೀಗ ಜೂನ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಒಂದೇ ಮಾತು: "ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೇವೆ, ಆದರೂ ಗೋಡೆ ಕಪ್ಪಾಗ್ತಿದೆ. ಸ್ವಲ್ಪ ಬಂದು ನೋಡಿ."

ಕಳೆದ ವರ್ಷ ಪುನರ್ವಸು ಮಳೆ ಹಿಡಿದ ವಾರ ಅಂಥದೇ ಒಂದು ಮನೆಗೆ ಹೋಗಿದ್ದೆ. ಹೊಸ ತಾರಸಿ ಮನೆ, ಮೊದಲ ಮಳೆಗಾಲ. ಬಚ್ಚಲಿನ ಸೀಲಿಂಗ್ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಒತ್ತೊತ್ತಾಗಿ ಎದ್ದಿದ್ದವು. ಬಚ್ಚಲ ಗೋಡೆಯ ಆಚೆ ಬದಿಗೆ ಬೀರು. ಬಾಗಿಲು ತೆಗೆದರೆ ರೇಷ್ಮೆ ಸೀರೆಯ ಮಡಿಕೆ ಮೇಲೆ ಬಿಳಿ ಬೂಷ್ಟು. "ಇದು ನನ್ನ ಧಾರೆ ಸೀರೆ ಕಣಪ್ಪಾ" ಎಂದು ಆ ಮನೆಯ ಅಮ್ಮ ಅಂಗೈಯಲ್ಲಿ ಸವರುತ್ತಾ ನಿಂತರು. ನನಗೆ ಬಹಳ ಬೇಜಾರಾಯಿತು.

ಹಾಕಿದ್ದು 8 ಇಂಚಿನ ಒಳ್ಳೆಯ ಫ್ಯಾನೇ. ಜೋರಾಗಿಯೇ ತಿರುಗುತ್ತಿತ್ತು. ಒಂದು ಊದಿನಕಡ್ಡಿ ಹಚ್ಚಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿದೆ. ಹೊಗೆ ನನ್ನ ಮುಖದ ಮುಂದೆಯೇ ಸುತ್ತುತ್ತಿತ್ತು, ಫ್ಯಾನಿನ ಕಡೆ ಹೋಗಲೇ ಇಲ್ಲ. ಬಾಗಿಲನ್ನು ಎರಡು ಬೆರಳಿನಷ್ಟು ತೆರೆದೆ. ದಾರ ಎಳೆದ ಹಾಗೆ ಹೊಗೆ ನೆಟ್ಟಗೆ ಫ್ಯಾನಿಗೆ ಹೋಯಿತು! ಬಾಗಿಲು ನೆಲಕ್ಕೆ ತಾಗಿಕೊಂಡಿತ್ತು. ಎರಚಲು ಬರುತ್ತದೆಂದು ವೆಂಟಿಲೇಟರಿಗೆ ಪ್ಲಾಸ್ಟಿಕ್ ಹೊಡೆದಿದ್ದರು. ಒಳಗೆ ಗಾಳಿಯೇ ಬರದಿದ್ದರೆ ಫ್ಯಾನ್ ಏನನ್ನು ಹೊರಗೆ ಹಾಕಬೇಕು? ಬಾಗಿಲಿನ ತಳವನ್ನು ಒಂದು ಬೆರಳಗಲ ಕೊಯ್ದೆವು, ಅಷ್ಟೇ ಕೆಲಸ. ಚೌತಿ ಹೊತ್ತಿಗೆ ಹೋದಾಗ ಒರೆಸಿದ ಮೂಲೆಯಲ್ಲಿ ಮತ್ತೆ ಕಪ್ಪು ಎದ್ದಿರಲಿಲ್ಲ.

ಹಂಚಿನ ಮನೆಯಲ್ಲಿ ಈ ಯೋಚನೆ ಬೇಕಿರಲಿಲ್ಲ. ಬಚ್ಚಲ ಒಲೆ ದಿನವಿಡೀ ಬೆಚ್ಚಗಿರುತ್ತಿತ್ತು. ಆವಿ, ಹೊಗೆ ಎಲ್ಲ ಹಂಚಿನ ಸಂದಿಯಲ್ಲಿ ಹೋಗುತ್ತಿತ್ತು. ತಾರಸಿಗೆ ಸಂದಿ ಎಲ್ಲಿದೆ?

ಮಳೆ ನೀರು ಸೋರದಿದ್ದರೂ ಮನೆಯೊಳಗೇ ನೀರು ಹುಟ್ಟುತ್ತದೆ ಎಂದರೆ ಜನ ನಂಬುವುದಿಲ್ಲ. ಒಂದು ಕೆ.ಜಿ. ಅಡುಗೆ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಬರುತ್ತದೆ. 14.2 ಕೆ.ಜಿ. ಸಿಲಿಂಡರ್ ಮುಗಿಯುವಷ್ಟರಲ್ಲಿ 20 ಲೀಟರಿಗೂ ಜಾಸ್ತಿ. ಮೆಷಿನ್ನಿಂದ ತೆಗೆದ ಬಟ್ಟೆಯನ್ನು ನಮ್ಮ ಮನೆಯಲ್ಲಿ ತೂಕ ಹಾಕಿ ನೋಡಿದ್ದೇನೆ. ಒದ್ದೆಯಿದ್ದಾಗ 7 ಕೆ.ಜಿ., ಒಣಗಿದ ಮೇಲೆ ನಾಲ್ಕೂವರೆ. ಉಳಿದದ್ದು ಬಟ್ಟೆ ಹರವಿದ್ದ ಹಾಲ್‌ನ ಗಾಳಿಗೇ ಸೇರಿತು ಅಲ್ವಾ? ಅದಕ್ಕೇ ಈಗ ಮಳೆಗಾಲದಲ್ಲಿ ಬಟ್ಟೆಯನ್ನು ಬಚ್ಚಲಲ್ಲೇ ಹರವಿ, ತಳದಲ್ಲಿ ಸಂದಿ ಬಿಟ್ಟ ಬಾಗಿಲು ಹಾಕಿ ಫ್ಯಾನ್ ಬಿಡುತ್ತೇವೆ.

ಹಾಗೆಂದು ಹೊರಗೆ ಮಳೆ ಹೊಡೆಯುವಾಗ ದಿನವಿಡೀ ಸುಮ್ನೆ ಫ್ಯಾನ್ ಹಾಕಿಟ್ಟರೆ ಮನೆ ಒಣಗುವುದಿಲ್ಲ. ಹೊರಗಿನ ಗಾಳಿಯೂ ಒದ್ದೆಯೇ. ಆದರೆ ಸ್ನಾನ, ಅಡುಗೆ ಮಾಡುವಾಗಿನ ಬಿಸಿ ಗಾಳಿ ಹೊರುವ ನೀರು ಇನ್ನೂ ಜಾಸ್ತಿ. 20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 17 ಗ್ರಾಂ ನೀರು ಹಿಡಿದರೆ, 30 ಡಿಗ್ರಿಯದು 30 ಗ್ರಾಂ ಹಿಡಿಯುತ್ತದೆ. ಆ ಬಿಸಿ ಆವಿ ತಣ್ಣನೆಯ ಗೋಡೆಗೆ ತಾಗಿದ ಕೂಡಲೇ ನೀರು ಬಿಡುತ್ತದೆ. ಮನೆಯೊಳಗೆ ಹರಡುವ ಮೊದಲೇ ಅದನ್ನು ಹೊರಗೆ ಹಾಕಬೇಕು. ಸ್ನಾನ ಮುಗಿದ ಮೇಲೂ ಅರ್ಧ ಗಂಟೆ ಫ್ಯಾನ್ ಓಡಲಿ. 35 ವಾಟಿನ ಫ್ಯಾನಿಗೆ ಇದರಿಂದ ತಿಂಗಳಿಗೆ ಬೀಳುವುದು ಅರ್ಧ ಯೂನಿಟ್ ಮಾತ್ರ. ಲೈಟಿಗೂ ಫ್ಯಾನಿಗೂ ಒಂದೇ ಸ್ವಿಚ್ ಇದ್ದರೆ ಲೈಟ್ ಆರಿಸಿದಾಗ ಫ್ಯಾನೂ ನಿಲ್ಲುತ್ತದೆ. ಬೇರೆ ಸ್ವಿಚ್ ಕೇಳಿ ಹಾಕಿಸಿಕೊಳ್ಳಿ, ಬಚ್ಚಲಿನ ಹೊರಗೆ.

ಅಡುಗೆಮನೆಯಲ್ಲಿ ಫ್ಯಾನಿನ ಪಕ್ಕದ ಕಿಟಕಿಯನ್ನೇ ತೆರೆದಿಡುತ್ತಾರೆ. ಕಿಟಕಿಯಿಂದ ಬಂದ ಗಾಳಿ ಹಾಗೇ ಫ್ಯಾನಿಗೆ ಹೋಗುತ್ತದೆ, ಒಲೆ ಮೇಲಿನ ಆವಿ ಅಲ್ಲೇ ಉಳಿಯುತ್ತದೆ. ಎದುರು ಬದಿಯದನ್ನು ತೆರೆಯಿರಿ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಫ್ಯಾನ್ ಇದೆಯೆಂದು ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಹಾಕಿಸಬೇಡಿ. ಅದರ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಜೀವ ಹೋಗುತ್ತದೆ. ಗಾಳಿಗೆ ದಾರಿಯಿಲ್ಲದ ಕಡೆ ಫ್ಯಾನ್ ಆ ಹೊಗೆಯನ್ನು ಒಳಕ್ಕೇ ಎಳೆದುಬಿಡಬಹುದು. ಗೀಸರ್ ಹೊರಗೇ ಇರಲಿ.

ಮನೆ ಕಟ್ಟಿಸುವವರು ಗೋಡೆ ಏಳುವಾಗಲೇ ಫ್ಯಾನಿಗೆ ತೂತು ಬಿಡಿಸಿ. ಆಗ ಅದಕ್ಕೆ ಖರ್ಚೇ ಇಲ್ಲ. ಟೈಲ್ಸ್ ಕೂತ ಮೇಲೆ ಒಡೆಯುವಾಗ ಮನೆಯವರ ಮುಖ ನೋಡಲಾಗುವುದಿಲ್ಲ. ಸರ್ಕಾರಿ ಯೋಜನೆಯಲ್ಲಿ ಮಲೆನಾಡು, ಕರಾವಳಿಯಲ್ಲಿ ಕಟ್ಟುವ ಸಣ್ಣ ಮನೆಗಳ ನಕ್ಷೆಯಲ್ಲೂ ಬಚ್ಚಲಿಗೆ ಒಂದು ತೂತು, ಒಂದು ಪಾಯಿಂಟ್, ತಳ ಬಿಟ್ಟ ಬಾಗಿಲು ಇರಲಿ ಎಂದು ಸಂಬಂಧಪಟ್ಟವರನ್ನು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

– ಒಬ್ಬ ವೈರಿಂಗ್ ಕೆಲಸಗಾರ, ತೀರ್ಥಹಳ್ಳಿ