ಮಗಳಿಗೊಂದು ಪತ್ರ: ಮಧ್ಯಾಹ್ನದ ಆ ಒಂದು ಗಂಟೆ ನಿನ್ನದು

ಪ್ರೀತಿಯ ಮಗಳೇ,

ಉಡುಪಿಯಿಂದ ಅಮ್ಮ ಬರೆಯುವುದು. ಫೋನಿನಲ್ಲಿ ಪುಟ್ಟಿಯ ಗಲಾಟೆಯ ನಡುವೆ ನಮಗೆ ಎರಡು ಮಾತು ನೆಟ್ಟಗೆ ಆಡಲು ಆಗುವುದಿಲ್ಲ. ಅದಕ್ಕೇ ಈ ಪತ್ರ. ಅವಳು ಮಲಗಿದ ಮೇಲೆ ನಿಧಾನವಾಗಿ ಓದು.

"ಇಡೀ ದಿನ ಮನೆಯಲ್ಲೇ ಇರುತ್ತೇನಮ್ಮ, ಆದರೂ ಕೂತು ಒಂದು ಲೋಟ ಬಿಸಿ ಚಹಾ ಕುಡಿಯಲು ಆಗುವುದಿಲ್ಲ" ಅಂದೆಯಲ್ಲ, ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ನಿನ್ನಲ್ಲಿ ಏನೂ ಕೊರತೆ ಇಲ್ಲ ಮಗಳೇ. ನಮ್ಮ ಮನೆಯಲ್ಲಿ ಮಕ್ಕಳು ಒಬ್ಬಳ ಕೈಯಲ್ಲಿ ಬೆಳೆದದ್ದಲ್ಲ. ನಿನ್ನನ್ನು ಮೀಯಿಸಲು ದೊಡ್ಡಮ್ಮ ಇದ್ದರು, ಅಂಗಳದಲ್ಲಿ ಆಡಿಸಲು ಅತ್ತೆಯ ಮಕ್ಕಳು, ಸಂಜೆ ಎತ್ತಿಕೊಂಡು ತಿರುಗಲು ಅಜ್ಜ. ಆಚೆ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತ ಹೆಂಗಸರೂ ನಿನ್ನ ಮೇಲೆ ಒಂದು ಕಣ್ಣು ಇಟ್ಟಿರುತ್ತಿದ್ದರು. ಅಷ್ಟು ಜನ ಹಂಚಿಕೊಂಡು ಮಾಡುತ್ತಿದ್ದ ಕೆಲಸ ಈಗ ಮಂಗಳೂರಿನ ಕೊಟ್ಟಾರದ ಮೂರನೇ ಮಹಡಿಯಲ್ಲಿ ನಿನ್ನೊಬ್ಬಳ ತಲೆಯ ಮೇಲಿದೆ. ಸುಸ್ತಾಗದೆ ಇನ್ನೇನಾಗಬೇಕು?

ನಾನು ಹೇಳುವುದು ಇಷ್ಟೇ. ದಿನದ ಕ್ರಮ ಹಾಕುವಾಗ ನಿನ್ನ ಸಮಯವನ್ನು ಮೊದಲು ತೆಗೆದಿಡು. ಎಲ್ಲ ಮುಗಿದ ಮೇಲೆ ನೋಡೋಣ ಅಂದರೆ ಅದು ಸಿಗುವುದೇ ಇಲ್ಲ. ಮನೆಕೆಲಸ ಯಾವತ್ತಾದರೂ ಮುಗಿದದ್ದುಂಟಾ?

ಆ ಸಮಯ ಇರುವುದು ಮಧ್ಯಾಹ್ನದ ನಿದ್ದೆಯಲ್ಲಿ. ಪುಟ್ಟಿಗೆ ಒಂದೂಮುಕ್ಕಾಲು ವರ್ಷ ಆಯಿತು. ಒಂದೂವರೆ ವರ್ಷದ ಆಸುಪಾಸಿನಲ್ಲಿ ಹೆಚ್ಚಿನ ಮಕ್ಕಳು ಬೆಳಗ್ಗಿನ ನಿದ್ದೆ ಬಿಟ್ಟು ಮಧ್ಯಾಹ್ನ ಒಂದೇ ಸಲ ಮಲಗುತ್ತಾರೆ. ನೀನು ಈಗಲೂ ಹತ್ತೂವರೆಗೆ ಅವಳನ್ನು ತಟ್ಟಿ ಮಲಗಿಸಲು ಒದ್ದಾಡುತ್ತೀ. ಅವಳು ಅರ್ಧ ಗಂಟೆ ಮಲಗಿ ಏಳುತ್ತಾಳೆ, ಮತ್ತೆ ಮಧ್ಯಾಹ್ನ ಮಲಗುವುದಿಲ್ಲ. ಬೆಳಗ್ಗಿನದನ್ನು ಮೆಲ್ಲ ಬಿಡಿಸು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ ಈ ವಯಸ್ಸಿನ ಮಗುವಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ರಾತ್ರಿ ಹತ್ತು ಗಂಟೆ, ಮಧ್ಯಾಹ್ನ ಎರಡು ಗಂಟೆ ಬಂದರೆ ಲೆಕ್ಕ ಸರಿಯಾಯಿತು. ಹನ್ನೆರಡಕ್ಕೆ ಊಟ, ಒಂದರೊಳಗೆ ನಿದ್ದೆ, ಮೂರಕ್ಕೆ ಏಳಲಿ. ನಾಲ್ಕೂವರೆ ತನಕ ಮಲಗಲು ಬಿಟ್ಟರೆ ರಾತ್ರಿ ಹನ್ನೊಂದಾದರೂ ಕಣ್ಣು ಮುಚ್ಚುವುದಿಲ್ಲ. ಆಗ ನಿನ್ನ ರಾತ್ರಿಯೂ ಹೋಯಿತು.

ಹತ್ತು ನಿಮಿಷ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡ. ಮಗುವಿಗೆ ಗಂಟೆ ತಿಳಿಯದು, ಆದರೆ ಯಾವುದರ ಹಿಂದೆ ಯಾವುದು ಅಂತ ಚೆನ್ನಾಗಿ ತಿಳಿಯುತ್ತದೆ. ಕಳೆದ ತಿಂಗಳು ನೀವಿಬ್ಬರೂ ಇಲ್ಲಿಗೆ ಬಂದಾಗ ನೋಡಿದೆಯಲ್ಲ. ಗಂಜಿ ಊಟ, ಕೈ ಬಾಯಿ ತೊಳೆಯುವುದು, ಕಿಟಕಿಯ ಪರದೆ ಎಳೆಯುವುದು, ಫ್ಯಾನು ಹಾಕುವುದು, ಒಂದೇ ಒಂದು ಹಾಡು. ದಿನಾ ಅದೇ, ಅದೇ ಕ್ರಮದಲ್ಲಿ. ಮೊದಮೊದಲು ಅತ್ತಳು. ಆಮೇಲೆ ಕೈ ಒರೆಸಿದ ಕೂಡಲೇ ತಾನಾಗಿ ಕಿಟಕಿಯ ಹತ್ತಿರ ಓಡುತ್ತಿದ್ದಳು. ಪರದೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು, ತನ್ನ ಪುಟ್ಟ ದಿಂಬನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಾಪೆಯ ಮೇಲೆ ಬಂದು ಕೂರುತ್ತಿದ್ದಳು. ನಿಮ್ಮ ಮನೆಯಲ್ಲೂ ಪರದೆ ಎಳೆಯುವ ಕೆಲಸ ಅವಳಿಗೇ ಬಿಡು.

ಅವಳು ಮಲಗಿದ ಮೊದಲ ಒಂದು ಗಂಟೆ ನಿನ್ನದು. ಪಾತ್ರೆ ತೊಳೆಯಬೇಡ, ಬಟ್ಟೆ ಮಡಚಬೇಡ. ಆ ಕೆಲಸಗಳನ್ನು ಅವಳು ಎದ್ದಿರುವಾಗಲೂ ಮಾಡಬಹುದು. ಮಡಚುವಾಗ ಎರಡು ಕರವಸ್ತ್ರ ಅವಳ ಕೈಗೆ ಕೊಟ್ಟರೆ ಅವಳಿಗೂ ಒಂದು ಕೆಲಸವಾಯಿತು. ಆದರೆ ಅವಳು ಎದ್ದಿರುವಾಗ ನಿನಗೆ ಒಂದು ಪುಟ ಓದಲು ಆಗುತ್ತದಾ? ಸುಮ್ನೆ ಮಲಗಬೇಕು ಅನಿಸಿದರೆ ಮಲಗು, ಅದೂ ನಿನ್ನ ಸಮಯವೇ. ಫೋನು ಮಾತ್ರ ಬೇಡ ಅಂತ ನನ್ನ ಅಭಿಪ್ರಾಯ. ಅದನ್ನು ಹಿಡಿದರೆ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ, ದಣಿವು ಹಾಗೇ ಇರುತ್ತದೆ.

ಮಧ್ಯಾಹ್ನ ಚೆನ್ನಾಗಿ ಮಲಗಬೇಕಾದರೆ ಬೆಳಗ್ಗೆ ಮೈ ದಣಿಯಬೇಕು. ಈ ವಯಸ್ಸಿನ ಮಕ್ಕಳು ದಿನದಲ್ಲಿ ಒಟ್ಟು 3 ಗಂಟೆಯಾದರೂ ಓಡಾಡಿಕೊಂಡು ಇರಬೇಕಂತೆ. ನಮ್ಮ ಕರಾವಳಿಯ ಸೆಕೆಯಲ್ಲಿ ಒಂಬತ್ತರ ಮೇಲೆ ಹೊರಗೆ ಹೋಗುವುದು ಕಷ್ಟ. ಅದಕ್ಕೆ ಮೊದಲೇ ಕೆಳಗೆ ಅಂಗಳಕ್ಕೆ ಕರೆದುಕೊಂಡು ಹೋಗು. ಕದ್ರಿ ಪಾರ್ಕು, ತಣ್ಣೀರುಬಾವಿ ಬೀಚು ಎಲ್ಲ ಭಾನುವಾರ ಅಪ್ಪ ಮಗಳಿಗೆ ಇರಲಿ. ಜಡಿಮಳೆ ಹಿಡಿದ ದಿನ ಹಾಸಿಗೆ ನೆಲಕ್ಕೆ ಹಾಕಿ ಹಾರಲು ಬಿಡು. ಕೈ ಹಿಡಿದು ಮೆಟ್ಟಿಲು ಹತ್ತಿಸು, ಇಳಿಸು. ಮಳೆಗಾಲ ಅಂತ ಒಳಗೇ ಕೂರಿಸಿದರೆ ಅವಳೂ ಮಲಗುವುದಿಲ್ಲ, ನೀನೂ ಕೂರುವ ಹಾಗಿಲ್ಲ.

ಇನ್ನೊಂದು ಅಭ್ಯಾಸ ಈಗಲೇ ಮಾಡಿಸು. ಹತ್ತು ನಿಮಿಷ ಅವಳಷ್ಟಕ್ಕೆ ಆಡುವುದು. ನೀನು ಅದೇ ಕೋಣೆಯಲ್ಲಿ ಅವಳಿಗೆ ಕಾಣುವ ಹಾಗೆ ಇರು, ಆದರೆ ಆಟದೊಳಗೆ ಹೋಗಬೇಡ. ನಯ ಮಾಡಿದ ಎರಡು ತೆಂಗಿನ ಗೆರಟೆ, ಒಂದು ಸ್ಟೀಲ್ ಡಬ್ಬ, ಒಂದು ಸೌಟು ಸಾಕು. ಗೆರಟೆಯೊಳಗೆ ಏನೂ ಇಲ್ಲದಿದ್ದರೂ ಅವಳು ಬಡಿಸುತ್ತಾಳೆ, ಊದಿ ಆರಿಸುತ್ತಾಳೆ, ಗೊಂಬೆಗೆ ತಿನ್ನಿಸುತ್ತಾಳೆ. ಆಗ ಕರೆದು ಮಾತಾಡಿಸಿದರೆ ಆಟ ಅಲ್ಲಿಗೇ ಮುಗಿಯಿತು. ದಿನ ಹೋದ ಹಾಗೆ ಹತ್ತು ಇಪ್ಪತ್ತಾಗುತ್ತದೆ, ನಿನ್ನ ಚಹಾ ಬಿಸಿ ಇರುವಾಗಲೇ ಮುಗಿಯುತ್ತದೆ. ಚೆನ್ನೆಮಣೆ ಆಟದ ಮಂಜೊಟ್ಟಿ ಕಾಳು ಮಾತ್ರ ಮೇಲೆ ಎತ್ತಿಡು, ಗಂಟಲಿಗೆ ಹೋದರೆ ಕಷ್ಟ. ಬಚ್ಚಲಿನ ಬಾಲ್ದಿಯಲ್ಲೂ ನೀರು ಬಿಡಬೇಡ, ಕವುಚಿ ಇಡು.

ಅಡುಗೆ ಮಾಡುವಾಗ ಮೊಬೈಲು ಕೊಡುತ್ತೇನೆ ಅಂದೆ. ಎರಡು ವರ್ಷ ಆಗುವ ತನಕ ಬೇಡವೇ ಬೇಡ, ಆದ ಮೇಲೂ ದಿನಕ್ಕೆ 1 ಗಂಟೆ ದಾಟಬಾರದು ಅಂತ ಬಲ್ಲವರು ಹೇಳುತ್ತಾರೆ. ಅದು ದಿನದ ಕ್ರಮದಲ್ಲಿ ಸೇರಿಬಿಟ್ಟರೆ ವಾಪಸು ಕೇಳುವಾಗಿನ ರಂಪಕ್ಕೇ ನಿನ್ನ ಅರ್ಧ ಶಕ್ತಿ ಹೋಗುತ್ತದೆ. ಹಾಲೂ ಅಷ್ಟೇ, ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಆದರೆ ಊಟ ಸೇರುವುದಿಲ್ಲ.

ಇನ್ನು ಸಂಜೆಯ ವಿಷಯ. ಅಳಿಯಂದಿರು ಆರೂವರೆಗೆ ಬರುತ್ತಾರಲ್ಲ, ಏಳರಿಂದ ಎಂಟು ಅವರದ್ದಾಗಲಿ. ಮೀಯಿಸುವುದು, ಊಟ ಮಾಡಿಸುವುದು ಎರಡೂ. "ಸ್ವಲ್ಪ ಸಹಾಯ ಮಾಡಿ" ಅಂತ ದಿನಾ ಕೇಳಬೇಡ. ಆ ಹೊತ್ತು ಅವರ ಪಾಲಿನದು ಅಂತ ಒಂದು ಸಲ ಕೂತು ಮಾತಾಡಿ. ಅವರು ಬೇರೆ ರೀತಿ ಊಟ ಮಾಡಿಸಿದರೆ ಮಾಡಿಸಲಿ, ನೀನು ಬಾಗಿಲಲ್ಲಿ ನಿಂತು ತಿದ್ದಬೇಡ. ಅಪ್ಪ ಹೀಗೆ, ಅಮ್ಮ ಹೀಗೆ ಅಂತ ಮಕ್ಕಳು ಬೇಗ ಕಲಿಯುತ್ತಾರೆ.

ಪತ್ತನಾಜೆ ಕಳೆಯಿತು. ಯಕ್ಷಗಾನ ಮೇಳಗಳು ಈ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿವೆ. ಕಲಾವಿದರಿಗೆ ಬಿಡುವು ಸಿಗುವುದು, ಹೆಜ್ಜೆ ಕಲಿಸಲು ಕೂರುವುದು ಮಳೆಗಾಲದಲ್ಲೇ. ಹೈಸ್ಕೂಲಿನಲ್ಲಿ ನೀನು ಎಷ್ಟು ಚೆಂದ ಕುಣಿಯುತ್ತಿದ್ದೆ! ಮದುವೆಯಾದ ಮೇಲೆ ಬಿಟ್ಟೆ. ವಾರಕ್ಕೆ ಎರಡು ಸಂಜೆಯಾದರೂ ಸರಿ, ಹತ್ತಿರದಲ್ಲಿ ತರಗತಿ ಎಲ್ಲಿ ಅಂತ ವಿಚಾರಿಸು. ಮಗು ಸಣ್ಣದು ಅಂತ ಮುಂದೆ ಹಾಕಬೇಡ. ಅವಳು ಶಾಲೆಗೆ ಹೋದ ಮೇಲೆ ಹೋಂವರ್ಕು ಅಂತ ಇನ್ನೊಂದು ಕಾರಣ ಬರುತ್ತದೆ. ಯಾರಾದರೂ "ಸಣ್ಣ ಮಗು ಬಿಟ್ಟು ಹೋಗುತ್ತಾಳೆ" ಅಂದರೆ ಅವರನ್ನು ನನ್ನ ಹತ್ತಿರ ಮಾತಾಡಲು ಹೇಳು.

ಶನಿವಾರ ಬೆಳಗ್ಗಿನ ಎಕ್ಸ್‌ಪ್ರೆಸ್ ಬಸ್ಸಿಗೆ ಹೊರಟು ಬರುತ್ತೇನೆ, ಕೊಟ್ಟಾರ ಚೌಕಿಯಲ್ಲಿ ಇಳಿಯುತ್ತೇನೆ. ಹೊಸ ಕ್ರಮ ನೆಲೆಗೆ ಬರುವ ತನಕ ಅಲ್ಲೇ ಇರುತ್ತೇನೆ. ಪುಟ್ಟಿಗೆ ತಿನ್ನಿಸುವ ಮಣ್ಣಿ ಮಾಡಲು ರಾಗಿ ಹುಡಿ ತರುತ್ತಿದ್ದೇನೆ, ನೀನು ಅಂಗಡಿಯಿಂದ ತರಬೇಡ. ಆ ತರಗತಿ ಯಾವ ದಿನ, ಎಷ್ಟು ಹೊತ್ತಿಗೆ ಅಂತ ಅಷ್ಟರೊಳಗೆ ಕೇಳಿಡು. ಮೊದಲ ಸಲಕ್ಕೆ ಪುಟ್ಟಿಯನ್ನು ನಾನು ನೋಡಿಕೊಳ್ಳುತ್ತೇನೆ.

ನಿನ್ನ
ಅಮ್ಮ