ಅಕ್ಕನನ್ನು ಈಗಲೇ ಕಳುಹಿಸಬೇಡಿ

ವೆಲ್ಲಿಂಗ್ಟನ್, ನ್ಯೂಜಿಲೆಂಡ್

ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ. ಅಪ್ಪನ ಮಂಡಿನೋವು ಹೇಗಿದೆ?

ನಿನ್ನ ಪತ್ರ ಓದಿದಾಗಿನಿಂದ ಅಕ್ಕನದೇ ಯೋಚನೆ. ಭಾವ ಕುಡಿದು ಬಂದು ರಂಪ ಮಾಡುವುದು ಹೊಸದಲ್ಲ. ಆದರೆ ಅವಳು ನಿದ್ದೆಗೆಟ್ಟು ರವಿಕೆ ಹೊಲಿದು ಕೂಡಿಟ್ಟ ಹಣವನ್ನೂ ಕಿತ್ತುಕೊಂಡರು ಎಂದರೆ ಹೇಗೆ ಸಹಿಸುವುದು? ಹಬ್ಬ ಮುಗಿದ ಮೇಲೆ ಕಳುಹಿಸಿಬಿಡೋಣ ಎಂದು ಅಪ್ಪ ಹೇಳುತ್ತಿದ್ದಾರಂತೆ. ಬೇಡ ಅಮ್ಮ.

ಇಲ್ಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಒಂದು ಅರ್ಜಿ ಇದೆ. 1893ರಲ್ಲಿ ಈ ದೇಶದ ಹೆಂಗಸರು ಮತದ ಹಕ್ಕು ಕೇಳಿ ಕೊಟ್ಟದ್ದು. ಕೇಟ್ ಶೆಪರ್ಡ್ ಎಂಬಾಕೆ ಹಾಳೆಗೆ ಹಾಳೆ ಅಂಟಿಸಿ, ಪೊರಕೆಯ ಕೋಲಿಗೆ ಸುತ್ತಿ ಕಳುಹಿಸಿದರಂತೆ. ಉದ್ದ ಸುಮಾರು 270 ಮೀಟರ್! ಸಹಿಗಳು 25,000ಕ್ಕೂ ಹೆಚ್ಚು. ಆಕೆಯ ಚಿತ್ರ ಇಲ್ಲಿನ ಹತ್ತು ಡಾಲರ್ ನೋಟಿನ ಮೇಲಿದೆ. ನೋಟು ಕೈಗೆ ಬಂದಾಗಲೆಲ್ಲ ನನಗೆ ಹೆಮ್ಮೆ.

ಆ ಹೆಂಗಸರನ್ನು ಮನೆಯಿಂದ ಹೊರಗೆ ತಂದದ್ದು ಯಾವುದು ಗೊತ್ತೇ? ಹೆಂಡ. ಗಂಡಸರ ಕೂಲಿ ಹೆಂಡದಂಗಡಿಗೆ ಹೋಗಿ ಮಕ್ಕಳು ಹಸಿದಿರುವುದನ್ನು ಕಂಡು ಹೆಂಗಸರು 1885ರಲ್ಲಿ ಪಾನವಿರೋಧಿ ಸಂಘ ಕಟ್ಟಿದರು. ಮತವಿಲ್ಲದವರ ಮಾತಿಗೆ ಶಾಸನಸಭೆ ಕಿವಿಗೊಡಲಿಲ್ಲ. ಆಗ ಮತವನ್ನೇ ಕೇಳಿದರು. ಹೆದರಿದ ಎದುರಾಳಿಗಳು ಹೆಂಡದಂಗಡಿಗಳಲ್ಲೇ ವಿರೋಧದ ಸಹಿ ಸಂಗ್ರಹಿಸಿದರು. ಡನೀಡಿನ್ ಊರಿನಲ್ಲಿ ಪುಡಿಗಾಸಿಗೆ ಬಟ್ಟೆ ಹೊಲಿಯುತ್ತಿದ್ದ ಹೆಂಗಸರು 1889ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡಿದ್ದರು; ಅದರ ಮುಂದಾಳು ಹ್ಯಾರಿಯೆಟ್ ಮಾರಿಸನ್ ಕೂಡ ಸಹಿ ಸಂಗ್ರಹಕ್ಕೆ ಓಡಾಡಿದರು. ಅಕ್ಕನಂತೆ ಹೊಲಿಗೆಯವರು, ಅಮ್ಮ! 1893ರ ಸೆಪ್ಟೆಂಬರ್ 19ರಂದು ಕಾನೂನು ಆಯಿತು. ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಹೆಂಗಸರಿಗೂ ಆಗಲೇ ಹಕ್ಕು ಬಂತು.

ಅದಕ್ಕೂ ಮೊದಲು, 1884ರಲ್ಲಿ, ಮದುವೆಯಾದವಳು ತನ್ನ ಹೆಸರಿನಲ್ಲೇ ಆಸ್ತಿ ಇಟ್ಟುಕೊಳ್ಳಬಹುದೆಂಬ ಕಾನೂನು ಬಂದಿತ್ತು. ನನಗೆ ಮತದಷ್ಟೇ ದೊಡ್ಡದಾಗಿ ಕಾಣುವುದು ಅದು. ಅಕ್ಕನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಖಾತೆ ತೆರೆಸು. ಪಾಸ್‌ಬುಕ್ ನಿನ್ನ ಬೀರುವಿನಲ್ಲಿರಲಿ. ಹೊಲಿಗೆ ಯಂತ್ರವನ್ನು ನಮ್ಮ ಮನೆಗೇ ತರಿಸಿ. ಭಾವ ಕುಡಿತ ಬಿಟ್ಟು, ತಾವೇ ಬಂದು ಅಪ್ಪನೆದುರು ಕುಳಿತು ಮಾತನಾಡಲಿ. ಆಮೇಲೂ ಹೋಗುವುದು ಬಿಡುವುದು ಅವಳ ಇಷ್ಟ.

ಖರ್ಚಿಗೆ ಯೋಚಿಸಬೇಡ, ತಿಂಗಳು ತಿಂಗಳು ಕಳುಹಿಸುತ್ತೇನೆ. ನನಗೇನೂ ಕೊರತೆಯಿಲ್ಲ. ಊಟ ಚೆನ್ನಾಗಿದೆ, ಚಳಿ ಅಭ್ಯಾಸವಾಗಿದೆ, ಕೆಮ್ಮು ಪೂರ್ತಿ ಹೋಗಿದೆ, ನಿಜವಾಗಿಯೂ ಹೋಗಿದೆ. ಕೆಲಸಕ್ಕೆ ಹೊತ್ತಾಯಿತು. ಇದನ್ನು ಅಪ್ಪನಿಗೆ ಇವತ್ತೇ ಓದಿ ಹೇಳು.

ನಿನ್ನ ಮಗಳು,
ಸುಮ