ಪೆಟ್ರೋಲಿಯಂ ಸಚಿವರಿಗೆ: ಬಾವಿ ಕೊಟ್ಟಿರಿ, ಕೀಲಿ ಯಾರ ಹತ್ತಿರ?

ಮಾನ್ಯ ಕೇಂದ್ರ ಪೆಟ್ರೋಲಿಯಂ ಸಚಿವರೇ, ನಮಸ್ಕಾರ.

ನಾನು ಸುರತ್ಕಲ್ ಕಡೆಯವನು. ಗುಜರಾತಿನ ಒಂದು ಸಣ್ಣ ತೈಲ ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಸಣ್ಣದು ಅಂದರೆ ಎರಡು ಬಾವಿ, ಹನ್ನೊಂದು ಜನ, ಒಂದು ಹಳೇ ಜೀಪು.

ಸರ್ಕಾರಿ ತೈಲ ಕಂಪನಿಗಳಾದ ಒಎನ್‌ಜಿಸಿ, ಆಯಿಲ್ ಇಂಡಿಯಾ ಪಕ್ಕಕ್ಕಿಟ್ಟಿದ್ದ 69 ಸಣ್ಣ ಕ್ಷೇತ್ರಗಳನ್ನು ಹರಾಜಿಗಿಡಲು 2015ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಅನುಭವ ಇಲ್ಲದವರೂ ಬಿಡ್ ಹಾಕಬಹುದು, ತೆಗೆದ ತೈಲದ ಮೇಲೆ ಸೆಸ್ ಅನ್ನುವ ತೆರಿಗೆ ಇಲ್ಲ. ಹಳೇ ಪದ್ಧತಿಯ ಹಾಗೆ ಒಂದೊಂದು ಖರ್ಚನ್ನೂ ಅಧಿಕಾರಿಗಳ ಮುಂದೆ ಒಪ್ಪಿಸಬೇಕಿಲ್ಲ, ಆದಾಯದಲ್ಲಿ ಪಾಲು ಕೊಟ್ಟರಾಯಿತು. ಒಳ್ಳೇ ನೀತಿ. ಸುಮ್ನೆ ಹೊಗಳುತ್ತಿಲ್ಲ.

ಆದರೆ ಒಪ್ಪಂದಕ್ಕೆ ಸಹಿ ಹಾಕುವುದು ದೆಹಲಿ, ನೆಲದ ಗುತ್ತಿಗೆ ಕೊಡುವುದು ರಾಜ್ಯ. ಪರಿಸರಕ್ಕೆ ಇನ್ನೊಂದು ಮಂತ್ರಾಲಯ, ತೆರಿಗೆಗೆ ಮತ್ತೊಂದು. ನಮಗೆ ಒಂದೇ ಒಂದು ಸಹಿ ಬಾಕಿ ಇತ್ತು. 'ನಾಳೆ ಆಗುತ್ತದೆ' ಅಂದರು. ನಂಬಿ ರಿಗ್, ಅಂದರೆ ಬಾವಿ ಕೊರೆಯುವ ಯಂತ್ರ, ಬಾಡಿಗೆಗೆ ತರಿಸಿದೆವು. ಅಷ್ಟರಲ್ಲಿ ಆ ಕಚೇರಿಯ ಸಾಹೇಬರು ಬದಲಾದರು. ಹೊಸಬರು ಫೈಲು ಮೊದಲಿಂದ ಓದಬೇಕಂತೆ. ಆ 'ನಾಳೆ' ಬರಲು 19 ದಿನ ಹಿಡಿಯಿತು. ರಿಗ್ ಕೊರೆದರೂ ಬಾಡಿಗೆ, ನಿಂತರೂ ಬಾಡಿಗೆ. ಜೀರಿಗೆ ಹೊಲದ ಬದುವಿನಲ್ಲಿ ಹುಡುಗರು ಇಸ್ಪೀಟ್ ಆಡುತ್ತಾ ಕೂತಿದ್ದರು. ಹೊಲದ ರೈತ ಮಜ್ಜಿಗೆ ತಂದುಕೊಟ್ಟು, 'ಕೆಟ್ಟುಹೋಯಿತಾ?' ಅಂತ ಕೇಳಿದ. ಏನು ಹೇಳೋದು!

ದೊಡ್ಡವರು ಕಾಯಬಲ್ಲರು, ನಮ್ಮಂಥವರಿಗೆ ಆಗದು. ಬೆಲೆಯ ನಿಯಮ ಬದಲಾದರೂ ಅದೇ ಕಥೆ. ನಮ್ಮ ಜಿಲ್ಲೆಯವರೇ ಆದ ವೀರಪ್ಪ ಮೊಯಿಲಿ ನಿಮ್ಮ ಕುರ್ಚಿಯಲ್ಲಿದ್ದಾಗ, 2013ರಲ್ಲಿ, ನೈಸರ್ಗಿಕ ಅನಿಲಕ್ಕೆ ಹೊಸ ಬೆಲೆ ಸೂತ್ರವನ್ನು ಸಂಪುಟ ಒಪ್ಪಿತ್ತು. ಚುನಾವಣೆ ಬಂದು ಅದು ನಿಂತಿತು. 2014ರ ನವೆಂಬರಿನಿಂದ ಹೊಸ ಸರ್ಕಾರ ಬೇರೆಯೇ ಸೂತ್ರ ತಂದಿತು. ಯಾವುದು ಸರಿ ಅನ್ನುವ ಜಗಳ ನನಗೆ ಬೇಡ. ಆದರೆ ಬ್ಯಾಂಕಿನವನ ಮುಂದೆ ಕೂತು ಮೂರು ವರ್ಷದ ಲೆಕ್ಕ ತೋರಿಸುವವನಿಗೆ ಇದು ತಮಾಷೆಯಲ್ಲ, ಅಲ್ವಾ?

ಇನ್ನು ತೆರಿಗೆ. ಕಚ್ಚಾ ತೈಲ ಜಿಎಸ್‌ಟಿಯ ಹೊರಗಿದೆ, ರಿಗ್ ಬಾಡಿಗೆ ಒಳಗಿದೆ. ಹಾಗಾಗಿ ಬಾಡಿಗೆ ಮೇಲೆ ಕಟ್ಟಿದ್ದನ್ನು ತೈಲ ಮಾರುವಾಗ ಮುರಿದುಕೊಳ್ಳಲು ಆಗುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬಾಡಿಗೆ ಮೇಲಿನ ಜಿಎಸ್‌ಟಿ ದರ 12ರಿಂದ 18 ಪರ್ಸೆಂಟ್ ಆಯಿತು. ಒಂದು ಕೋಟಿಯ ಬಿಲ್ಲಿಗೆ 6 ಲಕ್ಷ ಜಾಸ್ತಿ. ನೀವು 'ಬನ್ನಿ, ಕೊರೆಯಿರಿ' ಅನ್ನುತ್ತೀರಿ, ಪಕ್ಕದ ಮಂತ್ರಾಲಯ ಬಾಗಿಲಲ್ಲೇ ರಸೀದಿ ಹರಿಯುತ್ತದೆ. ಕಚ್ಚಾ ತೈಲವನ್ನು ಜಿಎಸ್‌ಟಿಗೆ ತರಲು ರಾಜ್ಯಗಳು ಒಪ್ಪುತ್ತಿಲ್ಲ ಅನ್ನುವುದು ಗೊತ್ತು. ಅವರ ಜೊತೆ ಕೂತು ಮಾತಾಡಬೇಕಾದವರು ನೀವೇ.

ಅದಕ್ಕೆ ಸಮಯ ಹಿಡಿಯಬಹುದು. ಇದೊಂದನ್ನಂತೂ ಈಗಲೇ ಮಾಡಿ: ಸರ್ಕಾರದ ಮೇಜಿನ ಮೇಲೆ ಫೈಲು ಮಲಗಿದ ದಿನಗಳನ್ನು ಒಪ್ಪಂದದ ಗಡುವಿಗೆ ತಾನಾಗಿಯೇ ಸೇರಿಸುವ ಹಾಗೆ ಬರೆಸಿ. ಅದಕ್ಕೂ ಮತ್ತೊಂದು ಅರ್ಜಿ ಕೇಳಬೇಡಿ.

ಆ 19 ದಿನದ ಬಾಡಿಗೆ ಬಿಲ್ಲು ನನ್ನ ಹತ್ತಿರ ಇನ್ನೂ ಇದೆ. ನೋಡುವುದಾದರೆ ಕಳಿಸುತ್ತೇನೆ.

ಇಂತಿ,
ಒಬ್ಬ ಹಳೇ ಲೆಕ್ಕಿಗ